ಬರೆಯದೇ ಬಿಟ್ಟ ಸಾಲು

ನಕ್ಕಾಗ ಮೇಡಂ ಬಾಯಿ ಎಡಕ್ಕೆ ಮಾತ್ರ ಏರುತ್ತಿತ್ತು. ಬಲಗಣ್ಣಿನ ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ರಾಮನಗರದಲ್ಲಿ ಅದು ನನ್ನ ಎಂ.ಎ. ಮನಶ್ಶಾಸ್ತ್ರದ ಮೊದಲ ತರಗತಿ. "ಕದ್ದು ನೋಡ್ಬೇಡಿ, ನೇರವಾಗೇ ನೋಡಿ. ಮಿದುಳಿಂದ ಮುಖಕ್ಕೆ ಬರೋ ಏಳನೇ ನರಕ್ಕೆ ಪೆಟ್ಟು ಬಿದ್ರೆ ಮುಖ ಹೀಗಾಗತ್ತೆ" ಎಂದು ಪಾಠ ಶುರುಮಾಡಿದರು.

ಭಾನುವಾರದ ಪತ್ರಿಕೆಯಲ್ಲಿ ಮಿದುಳಿನ ಬಗ್ಗೆ ಅಂಕಣ ಬರೆಯುತ್ತಿದ್ದವರೂ ಅವರೇ. ಕಳಿಸುವ ಮುಂಚೆ ಕ್ಯಾಂಟೀನಿನ ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳುವರು. ಆಕೆ "ಅಂಗಂದ್ರೇನ್ ಮೇಡಂ?" ಎಂದ ಕಡೆಯೆಲ್ಲ ಗೆರೆ ಎಳೆದು ಮತ್ತೆ ಬರೆಯುವರು. "ಅರ್ಥ ಆಗ್ಲಿಲ್ಲ ಅಂದ್ರೆ ತಪ್ಪು ನಂದು" ಎನ್ನುತ್ತಿದ್ದರು.

ಒಮ್ಮೆ ಮಕ್ಕಳ ಮೂರ್ಛೆರೋಗದ ಬಗ್ಗೆ ಬರೆದರು. ಇದು ಗಾಳಿಯಲ್ಲ, ದೆವ್ವವಲ್ಲ. ಎಷ್ಟೋ ಮಕ್ಕಳಿಗೆ ಬೆಳೆಯುತ್ತ ವಾಸಿಯಾಗುತ್ತದೆ ಎಂದು. ಆ ವಾರವೇ ಕೋಡಿಹಳ್ಳಿಯ ರೈತರೊಬ್ಬರು ಆ ಪುಟವನ್ನು ಕೈಯಲ್ಲಿ ಹಿಡಿದು ತರಗತಿಯ ಬಾಗಿಲಿಗೆ ಬಂದರು.

"ವಾಸಿ ಆಯ್ತದೆ ಅಂತ ಬರ್ದಿದ್ರಲ್ಲ ಮೇಡಮ್ಮೋರೆ, ಮಗಳ ಮಾತ್ರೆ ನಿಲ್ಲಿಸ್ಬುಟ್ಟೆ. ನೆನ್ನೆಯಿಂದ ಮೂರ್ ಸಲ ಫಿಟ್ಸ್ ಬಂದೈತೆ."

"ನೀವು ನಿಲ್ಲಿಸಿ ಅಂತ ಬರ್ದಿಲ್ವಲ್ಲ ಮೇಡಂ" ಎಂದೆ ನಾನು.

"ನಿಲ್ಲಿಸ್ಬೇಡಿ ಅಂತಲೂ ಬರೀಲಿಲ್ಲ" ಎಂದವರೇ ಪಾಠ ಬಿಟ್ಟು ಹೊರಟರು. ಆಟೋದಲ್ಲಿ ತಾಯಿಯ ತೊಡೆ ಮೇಲೆ ಮಲಗಿದ್ದ ಹುಡುಗಿಯನ್ನು ತಾವೇ ಮುಂದೆ ನಿಂತು ಆಸ್ಪತ್ರೆಗೆ ಸೇರಿಸಿದರು.

ಸಂಜೆ ಸಂಪಾದಕರಿಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಒಳಪುಟದಲ್ಲಿ ಎರಡು ಸಾಲಿನ ಸ್ಪಷ್ಟನೆ ಸಾಕು ಎಂದರಂತೆ. ಮೇಡಂ ದನಿ ಏರಿಸಲಿಲ್ಲ.

"ತಪ್ಪು ಎಷ್ಟು ದೊಡ್ಡದಾಗಿ ಬಂತೋ ತಿದ್ದುಪಡೀನೂ ಅಷ್ಟೇ ದೊಡ್ಡದಾಗಿ ಬರ್ಬೇಕು. ಇಲ್ದಿದ್ರೆ ನಾನಿನ್ನು ಬರೆಯಲ್ಲ."

ಆ ಭಾನುವಾರ ಇಡೀ ಅಂಕಣವೇ ತಪ್ಪೊಪ್ಪಿಗೆಯಾಯಿತು. ಮಾನ ಹರಾಜು ಹಾಕಿಕೊಂಡರೆಂದು ಸಹೋದ್ಯೋಗಿಗಳು ಆಡಿಕೊಂಡರು. ಮೇಡಂ ಕೋಡಿಹಳ್ಳಿ ಬಸ್ಸು ಹತ್ತಿದರು. ಮೂರು ವಾರ ಅಲ್ಲಿನ ಶಾಲೆಯಲ್ಲಿ ಕೂತು, ವೈದ್ಯರನ್ನು ಕೇಳದೆ ಮಾತ್ರೆ ಬಿಡಬಾರದೆಂದು ಬಂದವರಿಗೆಲ್ಲ ಬಿಡಿಸಿ ಹೇಳಿದರು. ಮಾತ್ರೆ ಮತ್ತೆ ಶುರುವಾದ ಮೇಲೆ ಹುಡುಗಿ ಚೇತರಿಸಿಕೊಂಡಳು.

ಹೋದ ವರ್ಷ ಕ್ಯಾನ್ಸರ್ ಅವರನ್ನು ಹಾಸಿಗೆ ಹಿಡಿಸಿತು. ಅಷ್ಟೊತ್ತಿಗೆ ನಾನು ಚನ್ನಪಟ್ಟಣದಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದೆ. ನೋಡಲು ಹೋದಾಗ, ಅಂಕಣವನ್ನು ಇನ್ನು ನೀನು ಬರಿ ಎಂದರು.

"ಭಯ ಆಗುತ್ತೆ ಮೇಡಂ."

"ಆಗ್ಲಿ. ಭಯ ಇಲ್ದೋರ ಕೈಗೆ ಇದನ್ನ ಕೊಡ್ತಾನೇ ಇರ್ಲಿಲ್ಲ."

ನನ್ನ ಮೊದಲ ಬರಹ ಅಚ್ಚಾಗುವ ಮುನ್ನವೇ ಅವರು ತೀರಿಕೊಂಡರು. ಮಣ್ಣು ಮಾಡಿ ಬಂದ ಮಾರನೆಯ ದಿನ ಆ ಬರಹವನ್ನು ಮತ್ತೆ ತೆರೆದು ಕೂತೆ. ಎರಡು ಕಡೆ ಅನುಮಾನ ಬಂತು. ಪತ್ರಿಕೆಗೆ ಫೋನ್ ಮಾಡಿ, ಈ ವಾರ ಹಾಕಬೇಡಿ, ಇನ್ನೊಮ್ಮೆ ವೈದ್ಯರಿಗೆ ತೋರಿಸಬೇಕು ಎಂದೆ.