ನೀರಿನ ಗಂಟೆಯ ವಾರ

ಸೇಲಂ ಹತ್ತಿರದ ನಮ್ಮ ತಮಿಳು ಹೈಸ್ಕೂಲಿನ ವಾರದ ಸುದ್ದಿ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದರು. ನಾನು ವಿಜ್ಞಾನದ ಟೀಚರ್. ಆದರೂ ಸೋಮವಾರದಿಂದ ಶುಕ್ರವಾರದವರೆಗೆ ಮಕ್ಕಳು ಏನೇನು ಮಾಡಿದರು ಎಂದು ಫೋಟೋ ತೆಗೆದು, ಕೆಳಗೆ ನಾಲ್ಕು ಸಾಲು ತಮಿಳಿನಲ್ಲಿ ಬರೆದು, ಶನಿವಾರ ಬೆಳಗ್ಗೆ ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಬೇಕು. ಗಿಡ ನೆಟ್ಟದ್ದು, ರಂಗೋಲಿ ಬಿಟ್ಟದ್ದು, ಭಾಷಣ ಮಾಡಿದ್ದು. ನೆಟ್ಟ ಗಿಡಕ್ಕೆ ಮರುದಿನ ಯಾರೂ ನೀರು ಹಾಕಲಿಲ್ಲ ಎಂಬುದು ಸುದ್ದಿಯಲ್ಲಿ ಬರುವುದಿಲ್ಲ.

ಆ ವಾರದ ಸುದ್ದಿ ನೀರಿನ ಗಂಟೆ. ಬಿಸಿಲು ಜಾಸ್ತಿಯಾಗಿತ್ತು. ದಿನಕ್ಕೆ ಮೂರು ಸಲ ಗಂಟೆ ಹೊಡೆಯಬೇಕು, ಹೊಡೆದ ಕೂಡಲೇ ಮಕ್ಕಳೆಲ್ಲ ಬಾಟಲಿ ತೆಗೆದು ನೀರು ಕುಡಿಯಬೇಕು ಎಂದು ಹೆಡ್‌ಮಾಸ್ಟರು ಸೋಮವಾರದ ಪ್ರಾರ್ಥನೆಯಲ್ಲಿ ಹೇಳಿದರು. ಒಳ್ಳೆಯ ಕೆಲಸವೇ, ಬೇಡ ಅಂದವರಾರು? ಅದರ ಹಿಂದೆಯೇ ಇನ್ನೊಂದು ಮಾತೂ ಹೇಳಿದರು. ಹುಡುಗಿಯರಿಗೆಂದು ಕಟ್ಟಿದ ಹೊಸ ಕಕ್ಕಸನ್ನು ಶುಕ್ರವಾರ ಮೇಲಧಿಕಾರಿ ಬಂದು ನೋಡುತ್ತಾರೆ, ಅಲ್ಲಿಯವರೆಗೆ ಅದಕ್ಕೆ ಬೀಗ, ಒಬ್ಬರೂ ಒಳಗೆ ಕಾಲಿಡಕೂಡದು. ಹಳೆಯದನ್ನು ಕೆಡವಿ ತಿಂಗಳುಗಳೇ ಆಗಿದ್ದವು. ಅಷ್ಟು ದಿನ ಹುಡುಗಿಯರು ಕಟ್ಟಡದ ಹಿಂದಿನ ಸೀಮೆಜಾಲಿ ಪೊದೆಗಳ ಮರೆಗೆ ಹೋಗುತ್ತಿದ್ದರು. ಅಧಿಕಾರಿಯ ಕಣ್ಣಿಗೆ ಜಾಗ ಚೊಕ್ಕಟವಾಗಿ ಕಾಣಲಿ ಎಂದು ಭಾನುವಾರ ಜೆಸಿಬಿ ತರಿಸಿ ಅದನ್ನೂ ಬೋಳಿಸಿಬಿಟ್ಟಿದ್ದರು. ಇನ್ನು ಇವರು ಎಲ್ಲಿಗೆ ಹೋಗಬೇಕು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮಂಗಳವಾರ ಗಂಟೆ ಹೊಡೆದಾಗ ಒಂಬತ್ತನೇ ಕ್ಲಾಸಿನ ಹುಡುಗಿಯರನ್ನು ವರಾಂಡದಲ್ಲಿ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದೆ. ಎಲ್ಲರೂ ಕತ್ತೆತ್ತಿ, ಬಾಟಲಿ ಬಾಯಿಯ ಹತ್ತಿರ ಹಿಡಿದು, ನೋಡಲು ಎರಡು ಕಣ್ಣು ಸಾಲದು. ಆಮೇಲೆ ಕೂತು ಫೋಟೋವನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರೆ, ಒಬ್ಬಳ ಬಾಟಲಿಗೆ ಮುಚ್ಚಳ ಹಾಕಿಯೇ ಇತ್ತು. ಪಕ್ಕದವಳದ್ದಕ್ಕೂ ಇತ್ತು. ಇಡೀ ಸಾಲಿನಲ್ಲಿ ಮುಚ್ಚಳ ತೆಗೆದವರು ಇಬ್ಬರೋ ಮೂವರೋ.

ನನಗೆ ಮೈಯೆಲ್ಲ ಉರಿಯಿತು. ಎಷ್ಟು ಪೊಗರು ಇವರಿಗೆ ಎಂದುಕೊಂಡು ಸಾಲಿನ ಮೊದಲಿದ್ದವಳನ್ನು ಕರೆಸಿದೆ. ತೊಪ್ಪೂರು ಘಾಟಿಯ ಕೆಳಗಿನ ಹಳ್ಳಿಯ ಹುಡುಗಿ, ಮನೆಮಾತು ಕನ್ನಡ. ನಾನೂ ಕಂಬೈನಲ್ಲೂರು ಕಡೆಯ ಕನ್ನಡದವಳಾದ್ದರಿಂದ ಕ್ಲಾಸಿನ ಹೊರಗೆ ನಮ್ಮಿಬ್ಬರ ಮಾತು ಅದರಲ್ಲೇ. ನಾನೂರು ಮೀಟರ್ ಓಟದಲ್ಲಿ ಅವಳನ್ನು ಹಿಂದೆ ಹಾಕುವವರು ನಮ್ಮ ಶಾಲೆಯಲ್ಲಿ ಇರಲಿಲ್ಲ. ಶನಿವಾರ ವಲಯ ಮಟ್ಟದ ಓಟ. ಗೆದ್ದರೆ ಸೇಲಂನಲ್ಲಿ ಕ್ರೀಡಾ ಹಾಸ್ಟೆಲಿಗೆ ಸೇರಿಸಿಕೊಳ್ಳುತ್ತಾರೆ, ಊಟ ಓದು ಓಟ ಎಲ್ಲ ಅಲ್ಲೇ. ಎಷ್ಟೋ ದಿನಗಳಿಂದ ಅವಳ ಬಾಯಲ್ಲಿ ಅದೊಂದೇ ಮಾತು. ಈ ನಾಟಕ ಯಾಕೆ ಆಡಿದೆ ಎಂದು ಗದರಿದೆ. ಅವಳು ನೆಲ ನೋಡುತ್ತ ಹೇಳಿದಳು:

"ಕುಡುದ್ರೆ ಎಲ್ಲೋಗದು ಮಿಸ್?"

ಅವಳಿಗೆ ಬೆಳಗ್ಗೆ ಏಳಕ್ಕೆ ಬಸ್ಸು, ಮನೆ ಸೇರುವಾಗ ಸಂಜೆ ಆರೂವರೆ. ಅಷ್ಟು ಹೊತ್ತೂ ಬಿಗಿಹಿಡಿದುಕೊಂಡು ಕೂತಿರಬೇಕು. ಅದಕ್ಕೇ ಬೆಳಗಿನ ಕಾಫಿಯನ್ನೂ ಬಿಟ್ಟಿದ್ದಳಂತೆ. ಅದರ ಮೇಲೆ ಬಿಸಿಲಲ್ಲಿ ಓಟದ ಅಭ್ಯಾಸ. ಅದೇ ವಾರ ನಾನು ಅವರಿಗೆ ಮೂತ್ರಪಿಂಡದ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಬಣ್ಣದ ಚಾಕ್‌ಪೀಸಿನಲ್ಲಿ ಚಿತ್ರ ಬರೆದು, ನೀರು ಧಾರಾಳವಾಗಿ ಕುಡಿಯಬೇಕು ಎಂದು ನೋಟ್ಸ್ ಕೊಟ್ಟಿದ್ದೆ. ಥೂ, ನನ್ನ ಪಾಠಕ್ಕಿಷ್ಟು ಬೆಂಕಿ ಹಾಕ.

ಹೆಡ್‌ಮಾಸ್ಟರ ಹತ್ತಿರ ಹೋಗಿ ಬೀಗ ತೆಗೆಸಿ ಎಂದೆ. ಅವರು ಕೆಟ್ಟವರೇನಲ್ಲ, ಪುಕ್ಕಲರು. ಟೈಲ್ಸ್ ಗಲೀಜಾಗುತ್ತದೆ, ವಾಸನೆ ಬಂದರೆ ನನ್ನ ಮಾನ ಹೋಗುತ್ತದೆ, ಮೂರೇ ದಿನ ತಾನೇ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಲಿ ಎಂದು ತಮಿಳಿನಲ್ಲಿ ಗೋಗರೆದರು. ಜಗಳವಾಡಬಹುದಿತ್ತು, ಆಡಲಿಲ್ಲ. ಸರಿ ಸಾರ್ ಎಂದು ಎದ್ದು ಬಂದೆ. ಬಂದು ಏನು ಮಾಡಿದೆ ಅಂದರೆ, ಮುಚ್ಚಳ ತೆಗೆದವರಷ್ಟೇ ಉಳಿಯುವ ಹಾಗೆ ಫೋಟೋ ಕತ್ತರಿಸಿ ಶನಿವಾರಕ್ಕೆ ತೆಗೆದಿಟ್ಟೆ.

ಗುರುವಾರ ಸಂಜೆ ಮೈದಾನದಲ್ಲಿ ಎರಡನೇ ಸುತ್ತಿಗೆ ಆ ಹುಡುಗಿ ಕಿಬ್ಬೊಟ್ಟೆ ಹಿಡಿದುಕೊಂಡು ಕೂತುಬಿಟ್ಟಳು. ಮೈ ಮುಟ್ಟಿದರೆ ಸುಡುತ್ತಿತ್ತು. ಆಟೋ ಮಾಡಿಕೊಂಡು ಕಡಯಂಪಟ್ಟಿಯ ಒಂದು ಕ್ಲಿನಿಕ್ಕಿಗೆ ಕರೆದೊಯ್ದೆ. ಮೂತ್ರದಲ್ಲಿ ಸೋಂಕಾಗಿ ಮೇಲೆ ಮೂತ್ರಪಿಂಡಕ್ಕೂ ಏರಿದೆ, ಎರಡು ದಿನ ಇಲ್ಲೇ ಡ್ರಿಪ್ ಹಾಕಬೇಕು, ಓಟದ ಮಾತೇ ಬೇಡ ಎಂದರು ಡಾಕ್ಟರಮ್ಮ. ಹುಡುಗಿ ಅಳಲಿಲ್ಲ. ಶನಿವಾರ ಒಂದು ದಿನ ಮಾತ್ರೆ ನುಂಗಿ ಓಡಬಹುದಾ ಎಂದು ಎರಡು ಸಲ ಕೇಳಿ, ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು.

ಶುಕ್ರವಾರ ಅಧಿಕಾರಿ ಬಂದರು. ರಿಬ್ಬನ್ ಕತ್ತರಿಸಿ ಒಳಗೆ ಇಣುಕಿ, ಇಷ್ಟು ಸ್ವಚ್ಛವಾದ ಕಕ್ಕಸನ್ನು ತಾವು ಯಾವ ಶಾಲೆಯಲ್ಲೂ ನೋಡಿಲ್ಲ ಎಂದು ಹೊಗಳಿದರು. ಹೊಗಳದೆ ಏನು, ಒಬ್ಬರೂ ಬಳಸಿಯೇ ಇರಲಿಲ್ಲವಲ್ಲ! ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಫೋಟೋನೂ ತೆಗೆದೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಕಾರು ಗೇಟು ದಾಟಿದ್ದೇ ತಡ, ಹುಡುಗಿಯರು ಎದ್ದು ಬಿದ್ದು ಆ ಬಾಗಿಲಿಗೆ ಓಡಿದರು.

ಸಂಜೆ ಎಳನೀರು ತೆಗೆದುಕೊಂಡು ಕ್ಲಿನಿಕ್ಕಿಗೆ ಹೋದೆ. ಅವಳ ಅಮ್ಮ ಮಂಚದ ಪಕ್ಕ ಕೂತಿದ್ದಳು. ಚೆಂಡುಹೂವಿನ ತೋಟಕ್ಕೆ ಹೂ ಕೀಳಲು ಕೂಲಿ ಹೋಗುವವಳು, ಉಗುರುಗಳಲ್ಲಿ ಇನ್ನೂ ಹಸಿರು ಕರೆ ಇತ್ತು. ಬೈಯುತ್ತಾಳೆ, ಬೈದರೆ ಚೆನ್ನಾಗಿರುತ್ತದೆ ಎಂದುಕೊಂಡಿದ್ದೆ. ಅವಳು ಎದ್ದು ನನಗೆ ಸ್ಟೂಲು ಬಿಟ್ಟುಕೊಟ್ಟಳು. ಎಳನೀರನ್ನು ಲೋಟಕ್ಕೆ ಬಗ್ಗಿಸುತ್ತ, "ತಪ್ಪು ತಿಳ್ಕಬೇಡಿ ಟೀಚರ್. ನೀವೂ ಎಂಗ್ಸಲ್ವಾ, ನೀವು ದಿನಾ ಎಲ್ಲೋಗ್ತಿದ್ರಿ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಮಂಚದ ಮೇಲಿಂದ, ನನ್ನ ಪರವಾಗಿ ಅನ್ನುವ ಹಾಗೆ, ಉತ್ತರ ಕೊಟ್ಟಳು.

"ಅವ್ರಿಗೆ ಸ್ಟಾಫ್ ರೂಮ್ ಪಕ್ಕ ಬೇರೆ ಐತಮ್ಮ. ನಾವು ಓಗ್ಬಾರ್ದು. ಬಾಗ್ಲು ಮ್ಯಾಲೇ ಬರ್ದೈತೆ."

ಹೌದು, ಬರೆದಿದೆ. ಟೀಚರ್‌ಗಳಿಗೆ ಮಾತ್ರ ಎಂದು, ತಮಿಳಿನಲ್ಲಿ, ಕೆಂಪು ಸ್ಕೆಚ್ ಪೆನ್ನಿನಲ್ಲಿ. ಹುಡುಗಿಯರ ಹಳೆಯ ಕಕ್ಕಸನ್ನು ಕೆಡವಿದ ಮರುದಿನವೇ ಅದನ್ನು ಬರೆದು ಅಂಟಿಸಿದವಳು ನಾನು.