ಕನ್ನಡಿ ಮುಚ್ಚಿಟ್ಟ ಕೈ

ನನ್ನ ಗಂಡನ ಅಕ್ಕ ಲೌದೋಮಿಯಾ ಬೊಲೋನ್ಯ ಪಟ್ಟಣದ ಅರ್ಧಕ್ಕರ್ಧ ಶ್ರೀಮಂತ ಹೆಂಗಸರ ಮುಖ ಬರೆದವಳು. ನನ್ನ ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ಅವಳಿಗೆ ಬಣ್ಣ ಅರೆದುಕೊಟ್ಟವಳು ನಾನು, ಹಾಗಾಗಿ ಅವಳ ಸಿಡಿಮಿಡಿಯೆಲ್ಲ ನನ್ನ ಪಾಲಿಗೇ. ಸಿರಿವಂತರ ಕೊರಳಪಟ್ಟಿ, ತೊಡೆಯ ಮೇಲಿನ ನಾಯಿಮರಿ ಬರೆದು ಬರೆದು ಅವಳಿಗೆ ರೋಸಿಹೋಗಿತ್ತು. ನಮ್ಮ ಕೇರಿಯ ಇಗರ್ಜಿಯಲ್ಲಿ ಪೀಠದ ಹಿಂದಿನ ಗೋಡೆ ತುಂಬ ಒಂದು ಚಿತ್ರ ಬರೆದೇ ಸಾಯಬೇಕು ಅನ್ನುವುದೊಂದೇ ಆಸೆ.

ಇಗರ್ಜಿಯವರು ಆ ಗೋಡೆ ಕೊಡುವ ಮಾತೆತ್ತುವ ಹೊತ್ತಿಗೆ, ಅರವತ್ತೆರಡನೆಯ ವಯಸ್ಸಿನಲ್ಲಿ, ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಎಂಟು ತಿಂಗಳು ಹಲ್ಲುಕಚ್ಚಿ ಎಡಗೈಗೆ ಕುಂಚ ಕಲಿಸಿದಳು. ಗುಟ್ಟು ಗೊತ್ತಿದ್ದದ್ದು ನಮ್ಮಿಬ್ಬರಿಗೇ, ಆದರೂ ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಅವಳ ಕೈ ಹೋಗಿದೆಯಂತೆ ಎಂಬ ಮಾತು ಇಗರ್ಜಿಯವರೆಗೂ ಹೋಯಿತು. ನಿಮ್ಮ ಮುಖದ್ದೇ ಒಂದು ಚಿತ್ರ ಬರೆದು ತೋರಿಸಿ, ಕೈ ಹೇಗಿದೆ ನೋಡಿ ಗೋಡೆ ಕೊಡುತ್ತೇವೆ ಎಂದು ಪಾದ್ರಿ ಫಾಬ್ರಿಸಿಯೋ ಹೇಳಿಕಳಿಸಿದರು.

ಕನ್ನಡಿ ಮುಂದಿಟ್ಟುಕೊಂಡು ಬರೆದಳು. ಸುಕ್ಕು, ಜೋತ ಕೆನ್ನೆ, ಒಂದನ್ನೂ ಬಿಡಲಿಲ್ಲ. ಕನ್ನಡಿಯಲ್ಲಿ ಎಡ ಬಲವಾಗುತ್ತದಲ್ಲ, ಚಿತ್ರದಲ್ಲಿ ಕುಂಚ ಬಲಗೈಯಲ್ಲಿತ್ತು. ನನಗೋ ಹಿಗ್ಗೇ ಹಿಗ್ಗು. ಸುಳ್ಳು ಹೇಳದೆಯೇ ಕೆಲಸವಾಯಿತು, ಸುಮ್ಮನಿರು ಅಂದೆ. ಅವಳು ನಾಲ್ಕು ದಿನ ಸರಿಯಾಗಿ ಉಣ್ಣದೆ ಕಿಟಕಿಗೂ ಚಿತ್ರಕ್ಕೂ ಓಡಾಡಿದಳು. ಆ ಕೈಯನ್ನು ಎರಡು ಸಲ ಕೆರೆದು ಮತ್ತೆ ಬರೆದಳು. 

ಶನಿವಾರ ಪಾದ್ರಿ ಬಂದರು. ಬಹಳ ಹೊತ್ತು ನೋಡಿ, ಮುಖಕ್ಕಿಂತ ಬಲಗೈಯೇ ಚೆನ್ನಾಗಿ ಬಂದಿದೆ, ಜನ ಏನೇನೋ ಆಡಿಕೊಳ್ಳುತ್ತಾರೆ ಎಂದು ನಕ್ಕರು. ನಾನು ಮನಸ್ಸಿನಲ್ಲೇ ಶಿಲುಬೆಯ ಗುರುತು ಹಾಕಿಕೊಂಡೆ.

ಲೌದೋಮಿಯಾ ಎಡಗೈ ಚಾಚಿದಳು. "ಅದು ಈ ಕೈ, ಸ್ವಾಮಿ. ಕನ್ನಡಿ ತಿರುಗಿಸಿ ತೋರಿಸ್ತು. ಬಲಗೈಲಿ ಚಮಚಾನೂ ಹಿಡಿಯೋಕಾಗಲ್ಲ."

ಪಾದ್ರಿ ಟೋಪಿ ಎತ್ತಿಕೊಂಡು ಹೊರಟರು. ನನ್ನ ಮೈಯೆಲ್ಲ ಉರಿಯಿತು.

"ನಿನಗೇನು ತಲೆ ಕೆಟ್ಟಿತ್ತಾ, ಅತ್ಗೆ? ಬಾಯಿಗೆ ಬಂದ ತುತ್ತನ್ನ ನೀನೇ ಚೆಲ್ಲಿಬಿಟ್ಯಲ್ಲ."

"ಅಷ್ಟು ಜನರ ಮುಂದೆ ಅಟ್ಟಣೆ ಹತ್ತಿ ಬರೀಬೇಕು, ಬ್ರಿಜಿದಾ. ಕದ್ದು ಬರೆಯೋ ವಯಸ್ಸಾ ನಂದು?"

ಐದು ದಿನ ಸುದ್ದಿಯಿಲ್ಲ. ಅವಳು ಮನೆಯೊಳಗೇ ಸುತ್ತಿದಳು, ನಾನು ಅವಳೊಂದಿಗೆ ಮಾತು ಬಿಟ್ಟೆ. ಆರನೆಯ ದಿನ ಇಗರ್ಜಿಯ ಮೇಸ್ತ್ರಿ ಬಂದು ಬಾಗಿಲಲ್ಲಿ ನಿಂತ.

"ಪಾದ್ರಿಗಳು ಕೇಳ್ಕೊಂಡು ಬಾ ಅಂದ್ರು, ಅಮ್ಮ. ಎಡಗೈಲಿ ಬರೆಯೋರಿಗೆ ಬೆಳಕು ಬಲಗಡೆಯಿಂದ ಬಂದ್ರೇ ಕೈ ನೆರಳು ಬೀಳಲ್ವಂತೆ. ಆ ಕಡೆ ಇಟ್ಟಿಗೆ ಕಟ್ಟಿ ಮುಚ್ಚಿರೋ ಕಿಟಕಿ ಒಡೆಸ್ಲಾ?"

ಅವಳು ಆಗಲೇ ಕುಂಚ ಹುಡುಕಲು ಒಳಗೆ ಹೋಗಿದ್ದಳು. ಒಡೆಸಪ್ಪ, ಇವತ್ತೇ ಒಡೆಸು ಅಂದವಳು ನಾನು.