ಮುತ್ತಜ್ಜನ ಬೆನ್ನು ಹತ್ತಿದ ಗೌಡರು

ತಾಂಬಾದ ರುದ್ರಗೌಡರಿಗೆ ಇರುವುದು ಒಂದೇ ಹುಚ್ಚು, ನಾನೂರು ಎಕರೆ ಆಳಿದ ಮುತ್ತಜ್ಜ ಶಂಕರಗೌಡ. ಅವನಿಗಾಗಿ ಇಂಡಿ ಕಚೇರಿಯಲ್ಲಿ ಜಮೀನಿನ ಹಳೇ ಉತಾರ ತೆಗೆಸುತ್ತಾರೆ, ಸಿಂದಗಿಯಲ್ಲಿ ವಾರಸಾ ಕಾಗದ ಕೆದಕುತ್ತಾರೆ, ಜನಗಣತಿಗೆ ಬಂದ ಮಾಸ್ತರನನ್ನೂ "ನೂರು ವರ್ಷದ ಹಿಂದಿನ ಪಟ್ಟಿ ಎಲ್ಲೈತ್ರಿ?" ಎಂದು ಕಾಡುತ್ತಾರೆ. ಹಳೇ ಕಾಗದಗಳ ಮೋಡಿ ಲಿಪಿ ಕಲಿತದ್ದೂ ಅವನಿಗಾಗಿಯೇ. ಸಿಕ್ಕಿದ್ದನ್ನೆಲ್ಲ ಕಟ್ಟೆಯ ಮೇಲೆ ಕೂತು ಊರಿಗೇ ಕೇಳುವಂತೆ ಓದುತ್ತಾರೆ. ಅಂಗಳ ಗುಡಿಸುವ ಬಾಳಮ್ಮ ಕೇಳಲೇಬೇಕು. "ನಮ್ಮ ಅಜ್ಜಿಯ ಅಜ್ಜಿ ಹೆಸರ ನನಗಿಟ್ಟಾರ್ರಿ. ಆಕಿದು ಯಾರ ಬರದಿಟ್ಟಾರ?" ಎಂದು ಅವಳು ನಗುತ್ತಾಳೆ. ಮೊನ್ನೆ ಮುತ್ತಜ್ಜನ ಮಕ್ಕಳು ಆಸ್ತಿ ಪಾಲು ಮಾಡಿಕೊಂಡ ವಾಟ್ನಿ ಪತ್ರ ಸಿಕ್ಕಿತು. "ಹಿರೇಮಗನಿಗೆ ಎತ್ತು ಎಂಟು, ಕೊಪ್ಪರಿಗೆ ನಾಲ್ಕು. ಸಣ್ಣಮಗನಿಗೆ ಎತ್ತು ಆರು, ಆಕಳು ಮೂರು..." ಗೌಡರ ದನಿ ಗಕ್ಕನೆ ನಿಂತಿತು. ಕಾಗದ ಮಡಚಹೋದರು. "ಯಾಕ್ರಿ ಗೌಡ್ರ? ಓದ್ರಿ." ಕಸಬರಿಗೆಯ ಸದ್ದೂ ನಿಂತಿತ್ತು. ಓದದೆ ಬಿಟ್ಟ ಸಾಲು ಅವರ ಜನ್ಮದಲ್ಲಿ ಒಂದೂ ಇರಲಿಲ್ಲ. ಕಾಗದ ಮತ್ತೆ ಬಿಡಿಸಿ, ತಮಗಷ್ಟೇ ಎಂಬಂತೆ ಓದಿದರು: "ಬಾಳಿ ಎಂಬ ಹೆಣ್ಣಾಳು ಒಂದು." ಬಾಳಮ್ಮ ಕಸಬರಿಗೆ ಕೆಳಗಿಟ್ಟಳು. ಇಪ್ಪತ್ತು ವರ್ಷ ಕೆಳಗೆ ನಿಂತೇ ಗುಡಿಸಿದ ಆ ಕಟ್ಟೆಯನ್ನು ಮೊದಲ ಸಲ ಏರಿ, ಗೌಡರ ಸಮಕ್ಕೆ ಕೂತು ಹೇಳಿದಳು: "ಇನ್ನೊಮ್ಮೆ ಓದ್ರಿ. ಊರಿಗೆ ಕೇಳೂವಂಗ."